ಅಪ್ಪಯ್ಯನ ಬೆಳ್ಳಿ ಹಲ್ಲು, ನನ್ನ ಬಿಳಿ ಹಲ್ಲು

ನಾಲಿಗೆ ಸುಮ್ನಿರಲ್ಲ ನೋಡಿ, ಎಡಗಡೆ ಕೆಳಗಿನ ದವಡೆ ಹಲ್ಲಲ್ಲಿ ಗುಳಿ ಬಿದ್ದಿದೆ ಅಂತ ಒಂದು ತಿಂಗಳಿಂದ ಅಲ್ಲೇ ಹೋಗಿ ತಡಕ್ತಿತ್ತು. ಮೂರು ವರ್ಷದ ಹಿಂದೆ ತುಂಬಿಸಿದ್ದ ಹಲ್ಲು. ಫಿಲ್ಲಿಂಗ್ ಬಿದ್ದೋಗಿದೆ ಅಂದ್ಕೊಂಡು ತೀರ್ಥಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋದ್ರೆ ಡಾಕ್ಟ್ರಮ್ಮ ಕೊಕ್ಕೆ ಕಡ್ಡೀಲಿ ಕೆರೆದು ನೋಡಿ "ಬಿದ್ದಿಲ್ಲ, ಸವೆದಿದೆ" ಅಂದ್ರು.

ಫಿಲ್ಲಿಂಗ್ ಸವೆಯುತ್ತೆ ಅಂತ್ಲೇ ನಂಗೊತ್ತಿರ್ಲಿಲ್ಲ ಮಾರಾಯ್ರೆ. ಅಪ್ಪಯ್ಯನ ಬಾಯಲ್ಲಿ ಒಂದಿದೆ, ನಾನು ಹೈಸ್ಕೂಲಲ್ಲಿದ್ದಾಗ ಹಾಕಿಸಿದ್ದು, ದಿನಕ್ಕೆ ಏಳೆಂಟು ಸಲ ಎಲೆಯಡಿಕೆ ಜಗೀತಾರೆ, ಅದು ಕಪ್ಪಗಾಗಿದೆ ಅನ್ನೋದ್ ಬಿಟ್ರೆ ಜಪ್ಪಯ್ಯ ಅಂದಿಲ್ಲ. ಅದು ಅಮಾಲ್ಗಮ್ ಅಂತೆ, ಹೆಚ್ಚುಕಮ್ಮಿ ಅರ್ಧ ಪಾದರಸ, ಉಳಿದಿದ್ದು ಬೆಳ್ಳಿ, ತವರ, ತಾಮ್ರ. ಪಾದರಸದ ಕಾರಣಕ್ಕೆ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2025ರ ಜನವರಿಯಿಂದ ಹೆಚ್ಚುಕಮ್ಮಿ ನಿಲ್ಲಿಸೇಬಿಟ್ಟಿದಾರೆ.

ನಂಗೆ ಹಾಕಿದ್ದು ಗ್ಲಾಸ್ ಐಯೊನೋಮರ್. ಹಲ್ಲಿಗೆ ತಾನಾಗೇ ಅಂಟುತ್ತೆ, ಫ್ಲೋರೈಡ್ ಬೇರೆ ಬಿಡ್ತಾ ಇರುತ್ತೆ, ಮಕ್ಕಳ ಹಾಲುಹಲ್ಲಿಗೆ ಒಳ್ಳೇದೇ. ಆದ್ರೆ ಅಗಿಯೋ ದವಡೆ ಮೇಲೆ ತಡೆಯಲ್ಲ, ಅದೂ ಅಡಿಕೆ ಜಗಿಯೋ ನನ್ನಂಥವನ ದವಡೇಲಿ.

ಈ ಸಲ ಕಾಂಪೋಸಿಟ್, ಅಂದ್ರೆ ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್, ಹಾಕ್ತೀನಿ ಅಂದ್ರು. ಅದು ಹೆಂಗೆ ಸವೆಯುತ್ತೆ ಅಂತ ಕೇಳ್ದಾಗ ಹೇಳಿದ್ದು ಥೇಟ್ ನಮ್ಮೂರ ರಸ್ತೆ ಕಥೆ. ರೆಸಿನ್ ಅನ್ನೋ ಪ್ಲಾಸ್ಟಿಕ್ ಥರದ ಅಂಟು ಟಾರು, ಅದರೊಳಗಿನ ಗಾಜಿನ ಪುಡಿ ಜಲ್ಲಿ. ಮಳೆಗಾಲದಲ್ಲಿ ಮೊದ್ಲು ಟಾರು ಹೋಗುತ್ತೆ, ಜಲ್ಲಿ ಮೇಲೇಳುತ್ತೆ, ಆಮೇಲೆ ಕಿತ್ಕೊಂಡು ಬಂದು ಗುಂಡಿ ಬೀಳುತ್ತೆ, ಅಲ್ವಾ? ಬಾಯಲ್ಲೂ ಅದೇ. ಮೊದಮೊದ್ಲು ಬಂದ ಕಾಂಪೋಸಿಟಲ್ಲಿ ಈ ಜಲ್ಲಿ 10ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ ಇರ್ತಿತ್ತು, ಒಂದು ಕಿತ್ರೆ ದೊಡ್ಡ ಗುಂಡಿನೇ. ಈಗ ನ್ಯಾನೋ ಸೈಜಿನ ಪುಡೀನೂ ಸೇರಿಸಿ ಒತ್ತೊತ್ತಾಗಿ ತುಂಬಿರ್ತಾರೆ, ಮಧ್ಯೆ ಟಾರು ಕಾಣೋದೇ ಕಮ್ಮಿ, ಹಂಗಾಗಿ ಬಾಳಿಕೆ ಜಾಸ್ತಿ.

"ಸವೀದೇ ಇರೋದು ಯಾವ್ದಿದ್ಯೋ ಅದನ್ನೇ ಹಾಕ್ಬಿಡಿ ಮೇಡಂ" ಅಂದೆ. ನಕ್ಕರು. ಒರಟಾಗಿರೋ ಪಿಂಗಾಣಿ ಕ್ಯಾಪ್ ಹಾಕಿದ್ರೆ ಅದು ಸವೆಯಲ್ಲ, ಎದುರಿನ ಹಲ್ಲು ಸವೆಯುತ್ತೆ ಅಂತ. ನಂಗೆ ಮನೆ ಮಸೆಗಲ್ಲು ನೆನಪಾಯ್ತು, ಮಸೆದೂ ಮಸೆದೂ ಅಜ್ಜನ ಕಾಲದ ಮೆಟ್ಟುಗತ್ತಿ ಈಗ ಬೆರಳಗಲ ಉಳಿದಿದೆ. ಅಂದ್ರೆ ಹಲ್ಲು ಎಷ್ಟು ಸವೆಯುತ್ತೋ ಫಿಲ್ಲಿಂಗೂ ಅಷ್ಟೇ ಸವೀಬೇಕು, ಲೆಕ್ಕ ಅದು.

ಎರಡೆರಡು ಮಿಲಿಮೀಟರ್ ಪದರ ಹಾಕಿ ಗಟ್ಟಿಯಾಗ್ಲಿ ಅಂತ ಪ್ರತಿಸಲ ನೀಲಿ ಲೈಟ್ ಹಿಡಿದ್ರು. ಕೊನೆಗೆ ಒಂದು ನೀಲಿ ಕಾಗದ ಕಚ್ಚಿಸಿ "ಅಗೀರಿ, ಆಕಡೆ ಈಕಡೆ ಉಜ್ಜಿ" ಅಂದು ಎತ್ತರ ಆಗಿ ಬಣ್ಣ ಜಾಸ್ತಿ ಹತ್ತಿದ ಕಡೆ ಕೊರೆದು ಪಾಲಿಶ್ ಮಾಡಿದ್ರು. ಅಡಿಕೆ ಬಿಡಿ, ಹಲ್ಲಿಗಿಂತ ಮೊದ್ಲು ಬಾಯಿ ಕ್ಯಾನ್ಸರ್ ಯೋಚನೆ ಮಾಡಿ ಅಂತ ಬೈದ್ರು ಕೂಡ. ತೋಟದವನಿಗೆ ಏನು ಹೇಳೋಕಾಗುತ್ತೆ, ತಲೆಯಾಡಿಸಿ ಬಂದೆ.

ಮನೇಲಿ ಅಪ್ಪಯ್ಯ "ಎಷ್ಟಾಯ್ತೋ?" ಅಂದ್ರು. ಹೇಳ್ದೆ. ಮಾತಾಡ್ಲಿಲ್ಲ, ಕೆನ್ನೆ ಎಳೆದು ಆ ಕರಿ ಹಲ್ಲು ತೋರಿಸಿ ಎಲೆತಟ್ಟೆ ಹತ್ರ ಎಳ್ಕೊಂಡ್ರು.