ಉಣುಗಿನ ಅಂಡಾಶಯ: ಇಲ್ಲಿಯವರೆಗೆ ಆಗಿದ್ದು

ನವೆಂಬರ್ 3

ಹೋದ ವರ್ಷ ನಮ್ಮ ಆಕಳು ಗೌರಿಗೆ ಜ್ವರ ಬಂದು ಮೂತ್ರ ಕೆಂಪಾಗಿತ್ತು. ಬೆಬಿಸಿಯಾ, ಅಂದರೆ ರಕ್ತಕ್ಕೆ ಸೇರುವ ಒಂದು ಸೂಕ್ಷ್ಮ ಪರೋಪಜೀವಿ, ಉಣುಗಿನಿಂದ ಬಂದಿದ್ದು ಅಂದರು ಡಾಕ್ಟರು. ಈ ಉಣುಗು ಮೊಟ್ಟೆಯಿಂದ ಹೊರಬಂದು ಯಾವ ದನಕ್ಕೆ ಹತ್ತುತ್ತದೋ, ದೊಡ್ಡದಾಗುವವರೆಗೆ ಅದರ ಮೈಮೇಲೇ ಇರುತ್ತದೆ. ಹಾಗಾದರೆ ಒಂದು ಆಕಳ ರೋಗ ಇನ್ನೊಂದಕ್ಕೆ ಹೋಗೋದು ಹೇಗೆ? ತಾಯಿ ಉಣುಗಿನಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ. ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ಇದನ್ನು ತೋರಿಸಿದ್ದರು. ಅದನ್ನು ಓದಿದಾಗಿನಿಂದ ಆ ಅಂಡಾಶಯವನ್ನು ಕಣ್ಣಾರೆ ನೋಡಬೇಕು ಅಂತ ಆಸೆ.

ಇವತ್ತು ಗೌರಿಯ ಕೆಚ್ಚಲು ಮತ್ತು ಬಾಲದ ಬುಡದಲ್ಲಿ ಹನ್ನೊಂದು ಸಿಕ್ಕವು. ಅವಳು ಜರ್ಸಿ ಕ್ರಾಸ್. ಪಕ್ಕದಲ್ಲೇ ಕಟ್ಟುವ ಮಲೆನಾಡು ಗಿಡ್ಡದ ಮೈಮೇಲೆ ಎರಡೇ ಇದ್ದವು.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನಮ್ಮದು ಶಿರಸಿ. ಪಕ್ಕದ ಸಿದ್ದಾಪುರ, ಘಟ್ಟದ ಕೆಳಗಿನ ಹೊನ್ನಾವರ, ಎಲ್ಲಾ ಮಂಗನ ಕಾಯಿಲೆ ಕಂಡ ತಾಲೂಕುಗಳು. ಅದನ್ನು ಹರಡುವ ಹಿಮಾಫೈಸಾಲಿಸ್ ಜಾತಿಯ ಉಣುಗು ದೊಡ್ಡದಾದ ಮೇಲೆ ದನಕ್ಕೂ ಹತ್ತುತ್ತದೆ. ಹಾಗಾಗಿ ಕೈಗವಸು, ಚಿಮಟ ಇಲ್ಲದೆ ನಾನು ಒಂದನ್ನೂ ಮುಟ್ಟೋದಿಲ್ಲ. ಸೊಪ್ಪಿನ ಬೆಟ್ಟದಿಂದ ಹುಡುಕಿ ತರೋದಂತೂ ಇಲ್ಲವೇ ಇಲ್ಲ. ಲೆನ್ಸ್‌ನಲ್ಲಿ ಬಾಯಿಯ ಭಾಗ ನೋಡಿ ಬೇರೆ ಮಾಡಿದೆ. ಹಿಮಾಫೈಸಾಲಿಸ್‌ಗೆ ಬಾಯಿಯ ಎರಡೂ ಪಕ್ಕ ಪಾಲ್ಪ್ (ಮೀಸೆಯಂಥ ಸಣ್ಣ ಅಂಗ) ಹೊರಕ್ಕೆ ಮೊನಚಾಗಿ ಚಾಚಿರುತ್ತದೆ. ನನ್ನವಕ್ಕೆ ಪಾಲ್ಪ್ ಗಿಡ್ಡ, ತಲೆಯ ಬುಡಕ್ಕೆ ಆರು ಮೂಲೆ. ದನದ ಉಣುಗು, ರೈಪಿಸೆಫಾಲಸ್ ಮೈಕ್ರೋಪ್ಲಸ್.

ನವೆಂಬರ್ 9

ಮೊದಲ ಪ್ರಯತ್ನ ಹಾಳಾಯ್ತು. ಹೊಟ್ಟೆ ಉಬ್ಬಿದ್ದನ್ನು ಇಡಿಯಾಗಿ 70% ಆಲ್ಕೋಹಾಲ್‌ಗೆ ಹಾಕಿಟ್ಟಿದ್ದೆ. ಚರ್ಮ ಎಷ್ಟು ಗಟ್ಟಿ ಅಂದರೆ ಆಲ್ಕೋಹಾಲ್ ಒಳಗೆ ಇಳಿದೇ ಇರಲಿಲ್ಲ. ಬ್ಲೇಡ್ ಇಟ್ಟ ಕೂಡಲೇ ಕಪ್ಪು ರಾಡಿ ಹೊರಗೆ ಬಂತು, ಏನೂ ಕಾಣಲಿಲ್ಲ.

ನವೆಂಬರ್ 17

ಈ ಸಲ ಸತ್ತ ಮೇಲೆ ಅಂಚಿನಲ್ಲಿ ಎರಡು ಕಡೆ ಸೂಜಿ ಚುಚ್ಚಿ ಮತ್ತೆ ಎರಡು ದಿನ ಆಲ್ಕೋಹಾಲ್‌ನಲ್ಲೇ ಬಿಟ್ಟೆ. ಕರಗಿಸಿದ ಮೇಣದಬತ್ತಿಯ ಮೇಲೆ ಬೆನ್ನು ಮೇಲಾಗಿ ಕೂರಿಸಿ, ಶೇವಿಂಗ್ ಬ್ಲೇಡಿನಿಂದ ಸುತ್ತಲೂ ಕೊಯ್ದು ಬೆನ್ನಿನ ಚರ್ಮವನ್ನು ಡಬ್ಬಿಯ ಮುಚ್ಚಳದ ಹಾಗೆ ಎತ್ತಿದೆ. ಒಳಗೆಲ್ಲಾ ಕರುಳಿನ ಕವಲುಗಳು, ಅವುಗಳ ತುಂಬ ಹೆಪ್ಪುಗಟ್ಟಿದ ರಕ್ತ. ಗಟ್ಟಿಯಾಗಿದ್ದರಿಂದ ಸೂಜಿಯಿಂದ ಚೂರುಚೂರಾಗಿ ಎತ್ತಿ ತೆಗೆಯೋಕೆ ಬಂತು. ಮುಕ್ಕಾಲು ಗಂಟೆ ಹಿಡಿಯಿತು.

ಆಮೇಲೆ ಕಂಡಿತು! ಹಿಂಭಾಗದಲ್ಲಿ, ಕುದುರೆ ಲಾಳದ ಆಕಾರದಲ್ಲಿ, ಒಂದೇ ಅಂಡಾಶಯ. ಅದರ ಎರಡು ತುದಿಯಿಂದ ಎರಡು ಅಂಡನಾಳ ಸುರುಳಿ ಸುತ್ತಿಕೊಂಡು ಮುಂದಕ್ಕೆ ಹೋಗಿ ಗರ್ಭಕೋಶದಲ್ಲಿ ಸೇರುತ್ತವೆ. ಅಲ್ಲಿಂದ ಯೋನಿ. ಅದರ ಬಾಯಿ ಹೊಟ್ಟೆಯ ಕೆಳಗೆ, ಮುಂದಿನ ಕಾಲುಗಳ ನಡುವೆ. ಯೋನಿಗೆ ಅಂಟಿಕೊಂಡೇ ಗಂಡಿನ ವೀರ್ಯ ಕೂಡಿಡುವ ಚೀಲ ಇರಬೇಕಿತ್ತು. ನನ್ನ ಸೂಜಿಗೆ ಸಿಕ್ಕಿ ಅದು ಹರಿದುಹೋಯ್ತು.

ಆದರೆ ಅಂಡಾಶಯ ಪೂರ್ತಿ ಉಳಿದಿದೆ. ಆಯಿಯನ್ನು ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ತಮಾ, ಮೆಣಸಿನ ಗೊಂಚಲು ಇದ್ದಾಂಗೆ ಇದ್ದಲಾ" ಅಂದಳು. ನಿಜ. ಒಂದೇ ದಾರದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಕಾಳು, ಸ್ವಲ್ಪ ದೊಡ್ಡದು, ಬಲಿತ ಕಂದು ಕಾಳು, ಎಲ್ಲಾ ಒಟ್ಟಿಗೆ. ಕಾಳುಮೆಣಸಿಗೆ ತೊಟ್ಟಿಲ್ಲ, ಇಲ್ಲಿ ಪ್ರತಿ ಮೊಟ್ಟೆಗೂ ಒಂದು ತೊಟ್ಟಿದೆ, ಅಷ್ಟೇ ವ್ಯತ್ಯಾಸ.

ಮೊಟ್ಟೆಗಳು ಬೆಳೆಯೋದು ಅಂಡಾಶಯದ ಒಳಗಲ್ಲ, ಹೊರಗೆ. ಕೊಳವೆಯ ಹೊರಮೈಗೆ ತೊಟ್ಟಿನಿಂದ ನೇತಾಡುತ್ತಾ, ಉಣುಗಿನ ಮೈತುಂಬ ಇರುವ ದ್ರವದಲ್ಲಿ ಮುಳುಗಿಕೊಂಡೇ ಇರುತ್ತವೆ. ಬಲಿತ ಮೇಲೆ ಅದೇ ತೊಟ್ಟಿನ ದಾರಿಯಲ್ಲಿ ಕೊಳವೆಯ ಒಳಗೆ ಇಳಿಯುತ್ತವೆ. ಮೈಯ ದ್ರವದಲ್ಲಿ ತಿರುಗಾಡುವ ಬೆಬಿಸಿಯಾಗೆ ಮೊಟ್ಟೆ ಎಷ್ಟು ಹತ್ತಿರ ಅಲ್ವಾ! ಹೋದ ವರ್ಷದ ನನ್ನ ಪ್ರಶ್ನೆಗೆ ಈ ಅಂಡಾಶಯದ ಮುಂದೆ ಕೂತಾಗಲೇ ಸರಿಯಾಗಿ ಉತ್ತರ ಸಿಕ್ಕಿದ್ದು.

ಡಿಸೆಂಬರ್ 14

ಪರಿಚಯದ ಮೇಷ್ಟ್ರೊಬ್ಬರು ಕಾಲೇಜು ಲ್ಯಾಬಿನ ಮೈಕ್ರೋಟೋಮ್ (ತೀರಾ ತೆಳ್ಳಗೆ ಸೀಳುವ ಯಂತ್ರ) ಬಳಸೋಕೆ ಬಿಟ್ಟರು. ಆಲ್ಕೋಹಾಲ್, ಝೈಲೀನ್, ಪ್ಯಾರಾಫಿನ್, ಆಮೇಲೆ 6 ಮೈಕ್ರಾನ್ ಸೀಳುಗಳು. ಬಲಿತ ಮೊಟ್ಟೆಗಳು ಅಲಗಿಗೆ ಸಿಕ್ಕಿ ಒಣ ಬೆಲ್ಲದ ಹಾಗೆ ಉದುರಿದವು. ಸಣ್ಣವು ಮಾತ್ರ ಚೆನ್ನಾಗಿ ಬಂದವು. ಹಿಮಟಾಕ್ಸಿಲಿನ್, ಇಯೋಸಿನ್ ಬಣ್ಣ ಹಾಕಿ 400 ಪಟ್ಟಿನಲ್ಲಿ ನೋಡಿದೆ.

ಎಳೆ ಅಂಡದಲ್ಲಿ ದೊಡ್ಡ ದುಂಡನೆಯ ನ್ಯೂಕ್ಲಿಯಸ್, ಸುತ್ತ ಒಂದೇ ಸಮನಾದ ನುಣುಪು. ಸ್ವಲ್ಪ ಬೆಳೆದದ್ದರಲ್ಲಿ ಅಂಚಿನ ಕಡೆಯಿಂದ ಸಣ್ಣ ಗುಲಾಬಿ ಕಾಳುಗಳು ತುಂಬೋಕೆ ಶುರುವಾಗಿವೆ. ಅದು ಯೋಕ್, ಮರಿಗೆ ತಾಯಿ ಕಟ್ಟಿಕೊಡುವ ಬುತ್ತಿ. ಹೊರಗೆ ತೆಳ್ಳಗೆ ಸಿಪ್ಪೆಯ ಗೆರೆ. ತೊಟ್ಟು ಅಂದರೆ ಒಂದು ಗುಂಪು ಸಣ್ಣ ಜೀವಕೋಶಗಳು. ಕೆಲವು ಕೀಟಗಳಲ್ಲಿ ಅಂಡದ ಪಕ್ಕದಲ್ಲೇ ಅದಕ್ಕೆ ಉಣಿಸುವ ಕೋಶಗಳಿರುತ್ತವೆ. ಇಲ್ಲಿ ಹುಡುಕಿದರೂ ಸಿಗೋದಿಲ್ಲ, ಉಣುಗಿಗೆ ಅವು ಇಲ್ಲ. ಯೋಕಿಗೆ ಬೇಕಾದ ಪ್ರೋಟೀನ್ ಜಾಸ್ತಿ ಪಾಲು ಕೊಬ್ಬಿನ ಕೋಶ, ಕರುಳಿನಲ್ಲಿ ತಯಾರಾಗಿ ಮೈಯ ದ್ರವದಲ್ಲಿ ತೇಲಿ ಬರುತ್ತದೆ. ಮೊಟ್ಟೆ ಹೊರಗೆ ನೇತಾಡೋದು ಸುಮ್ನೆ ಅಲ್ಲ.

ಬಲಿತ ಮೊಟ್ಟೆಯ ಕಂದು ಬಣ್ಣ ಆಕಳ ರಕ್ತದ್ದೇ. ಉಣುಗಿಗೆ ಹೀಮ್, ಅಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಅಂಶವಿರುವ ವಸ್ತು, ಸ್ವಂತವಾಗಿ ಮಾಡಿಕೊಳ್ಳೋಕೆ ಬರೋದಿಲ್ಲ. ಕುಡಿದ ರಕ್ತದಿಂದ ತೆಗೆದು ಆ ಯೋಕಿನ ಪ್ರೋಟೀನಿಗೆ ಅಂಟಿಸಿ ಮೊಟ್ಟೆಗೆ ಕಳಿಸುತ್ತದೆ.

ಡಿಸೆಂಬರ್ 28

ತಾನಾಗೇ ಉದುರಿದ ಒಂದನ್ನು ಸೀಸೆಯಲ್ಲಿ ಹಾಕಿ, ಬಾಯಿಗೆ ದಪ್ಪ ಬಟ್ಟೆ ಬಿಗಿದು, ನೀರಿನ ತಟ್ಟೆಯ ನಡುವೆ ಇಟ್ಟಿದ್ದೆ. ನಾಲ್ಕನೇ ದಿನ ಮೊಟ್ಟೆ ಶುರು. ತಲೆಯನ್ನು ಹೊಟ್ಟೆಯ ಕೆಳಗೆ ಬಾಗಿಸುತ್ತದೆ. ತಲೆ ಮತ್ತು ಬೆನ್ನಿನ ಕವಚದ ಸಂದಿಯಿಂದ ಬೆಳ್ಳಗಿನ ಒದ್ದೆ ಗುಳ್ಳೆಯೊಂದು ಉಬ್ಬಿ ಬರುತ್ತದೆ. ಅದು ಮೊಟ್ಟೆಯನ್ನು ತೆಗೆದುಕೊಂಡು, ಮೇಣ ಸವರಿ ಬಿಡುತ್ತದೆ. ಇದಕ್ಕೆ ಇಟಲಿಯ ವಿಜ್ಞಾನಿಯ ಹೆಸರಿನಲ್ಲಿ ಜೆನೆ ಅಂಗ ಅಂತಾರೆ. ಮೇಣ ಸಿಗದ ಮೊಟ್ಟೆ ಒಣಗಿ ಸುಕ್ಕಾಗುತ್ತದೆ. ಒಂದು ಹೆಣ್ಣು ಹೀಗೆ 2000ದಿಂದ 3000 ಮೊಟ್ಟೆ ಇಟ್ಟು ಸಾಯುತ್ತದೆ.

ಉಬ್ಬಿದ ಉಣುಗನ್ನು ಆಯಿ ಕಿತ್ತು ನೆಲಕ್ಕೆ ಬಿಡದೆ ಕೆಂಡಕ್ಕೇ ಹಾಕ್ತಾಳೆ. ಈ ಸೀಸೆಯನ್ನೂ ಮರಿ ಒಡೆಯುವ ಮೊದಲೇ ಒಲೆಗೆ ಹಾಕಿದೆವು.

ಮುಂದಿನದು ಆ ವೀರ್ಯಚೀಲ. ಹೊಟ್ಟೆ ಪೂರ್ತಿ ಉಬ್ಬದ ಹೆಣ್ಣನ್ನು ತಗೊಂಡರೆ ರಕ್ತ ಕಡಿಮೆ, ಸೂಜಿಗೆ ಜಾಗ ಜಾಸ್ತಿ. ಗೌರಿಯ ಕಿವಿಯ ಹಿಂದೆ ಅಂಥ ಎರಡು ಇವೆ.