ಟ್ರೊಮ್ಸೊದಿಂದ ಟ್ರೊಮ್ಸೊಗೆ ಮೂರೂಮುಕ್ಕಾಲು ಗಂಟೆ

"ಎಷ್ಟು ಹೊತ್ತಿನ ದಾರಿ ಮಗಾ?" ಅಂತ ಅಮ್ಮ ಸಾಗರದಿಂದ ಫೋನ್ ಮಾಡಿ ಕೇಳಿದಾಗ ನಾನು ಉತ್ತರ ನಾರ್ವೆಯ ಟ್ರೊಮ್ಸೊ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತಿದ್ದೆ.

"ಒಂದು ಗಂಟೆ ನಲವತ್ತು ನಿಮಿಷ ಅಮ್ಮ."

"ಅಷ್ಟೇನಾ! ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದ ಹಾಗಾಯ್ತು ಬಿಡು."

ಹೊರಟಿದ್ದು ಉತ್ತರ ಧ್ರುವದ ಕಡೆಗಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಯಿಯರ್‌ಬೈನ್ ಊರಿಗೆ. ಅಲ್ಲಿ ನಾರ್ವೆಯದೇ ಆಡಳಿತ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗೆ. ಅದಕ್ಕೇ ಈ ಪಾಸ್‌ಪೋರ್ಟ್ ಸಾಲು. ಭಾರತದಿಂದ ಹೋಗುವವರು ಒಂದಕ್ಕಿಂತ ಹೆಚ್ಚು ಸಲ ಪ್ರವೇಶವಿರುವ ವೀಸಾನೇ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರುವಾಗ ಕಷ್ಟ.

ವಿಮಾನ ಹತ್ತಿ ಕೂತ ಮೇಲೆ ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಟ್ರೊಮ್ಸೊ ಹೆಚ್ಚುಕಮ್ಮಿ 69.7 ಡಿಗ್ರಿ ಉತ್ತರ, ಲಾಂಗ್‌ಯಿಯರ್‌ಬೈನ್ 78.2. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಬೆಂಗಳೂರಿನಲ್ಲಿ 108 ಕಿ.ಮೀ. ಇದ್ದರೆ ಅಲ್ಲಿ ಬರೀ 23. ಭೂಮಿ ತುದಿಗೆ ಹೋದಂತೆ ಸಣ್ಣಗಾಗುತ್ತದಲ್ಲ. ಎಲ್ಲಾ ಕೂಡಿಸಿದರೆ ಸುಮಾರು 960 ಕಿ.ಮೀ. ಬೆಂಗಳೂರಿನಿಂದ ನಾಗಪುರದಷ್ಟು. ವ್ಯತ್ಯಾಸ ಇಷ್ಟೇ: ಇಲ್ಲಿ ಕೆಳಗೆ ಊರಿಲ್ಲ, ರಸ್ತೆಯಿಲ್ಲ. ಬ್ಯಾರೆಂಟ್ಸ್ ಸಮುದ್ರ, ಅರ್ಧ ದಾರಿಯಲ್ಲಿ ಕರಡಿ ದ್ವೀಪ ಅನ್ನುವ ಒಂಟಿ ಬಂಡೆಯಂಥ ನೆಲ. ಅದೂ ಮೋಡದಡಿ ಮುಚ್ಚಿಹೋಗಿತ್ತು.

ಒಂದೂವರೆ ಗಂಟೆಗೆ ಇಳಿಯತೊಡಗಿದೆವು. ಚಕ್ರ ಹೊರಬಂದ ಗಡಗಡ ಸದ್ದು ಪಾದಕ್ಕೆ ತಾಗಿತು. ಕಿಟಕಿಯಾಚೆ ಹಿಂಜಿದ ಹತ್ತಿಯಂಥ ಬಿಳಿ, ರೆಕ್ಕೆಯ ತುದಿಯೂ ಕಾಣದು. ಜೂನ್ ತಿಂಗಳು, ಸೂರ್ಯ ಮುಳುಗುವುದೇ ಇಲ್ಲ. ಆದರೂ ಏನೂ ಕಾಣದು. ಇದ್ದಕ್ಕಿದ್ದಂತೆ ಎಂಜಿನ್ ಅಬ್ಬರಿಸಿತು, ಬೆನ್ನು ಸೀಟಿಗೆ ಒತ್ತಿತು, ಮತ್ತೆ ಮೇಲಕ್ಕೆ. ಎರಡನೇ ಪ್ರಯತ್ನವೂ ಹಾಗೇ ಆಯಿತು. ಪಕ್ಕದ ಸೀಟಿನ ಅಜ್ಜಿ ಹೆಣಿಗೆಯ ಕಡ್ಡಿಗಳನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿದರು. ಕ್ಯಾಪ್ಟನ್ ಶಾಂತವಾಗಿ ಹೇಳಿದರು: ಮಂಜು ಬಿಡುತ್ತಿಲ್ಲ, ಇಂಧನ ಸಾಕಷ್ಟಿದೆ, ಟ್ರೊಮ್ಸೊಗೆ ವಾಪಸ್.

ನನಗೆ ಬೇಸರಕ್ಕಿಂತ ಭಯವೇ ಹೆಚ್ಚಾಗಿತ್ತು. ಹತ್ತಿರದಲ್ಲಿ ಇಳಿಯಬಹುದಾದ ಇನ್ನೊಂದು ದೊಡ್ಡ ನಿಲ್ದಾಣವಿಲ್ಲದ ಕಡೆ 960 ಕಿ.ಮೀ. ಎಂದರೆ ಏನೆಂದು ಕಾಗದದ ಲೆಕ್ಕದಲ್ಲಿ ಗೊತ್ತಾಗಿರಲಿಲ್ಲ. ಹೊರಟ ಜಾಗಕ್ಕೇ ಬಂದು ಇಳಿದಾಗ ಮೂರೂಮುಕ್ಕಾಲು ಗಂಟೆ ಕಳೆದಿತ್ತು.

"ತಲುಪಿದ್ಯಾ?" ಅಮ್ಮ ಮಲಗದೇ ಕಾದಿದ್ದಳು. ಹೇಳಿದೆ. "ಆಗುಂಬೆ ಘಾಟಿಯಲ್ಲಿ ಮಂಜು ಕವಿದ್ರೆ ಬಸ್ಸಿನವ್ನೂ ನಿಲ್ಲಿಸ್ತಾನೆ. ವಾಪಸ್ ಕರ್ಕೊಂಡ್ ಬಂದ್ರಲ್ಲ, ಪುಣ್ಯಾತ್ಮರು."

ಮರುದಿನ ಆಕಾಶ ತಿಳಿಯಾಗಿತ್ತು. ಸದಾ ಹೆಪ್ಪುಗಟ್ಟಿದ ನೆಲದ ಮೇಲೆ ಕಟ್ಟಿ 1975ರಲ್ಲಿ ತೆರೆದ ಆ ರನ್‌ವೇ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು, ನಡುವೆ ಒಂದು ಬೂದು ಗೆರೆಯಾಗಿ ಕಂಡಿತು. ಇಳಿದು ಹೊರಬಂದರೆ ಊರುಗಳ ದೂರ ಬರೆದ ಕಂಬ. ಬೆಂಗಳೂರಿನ ಹೆಸರು ಹುಡುಕಿದೆ, ಸಿಗಲಿಲ್ಲ. ಅದೇ ಬೋರ್ಡಿಂಗ್ ಪಾಸ್ ತೆಗೆದು, ಉಳಿದಿದ್ದ ಮೂಲೆಯಲ್ಲಿ ಲೆಕ್ಕ ಮಾಡಿ ಬರೆದುಕೊಂಡೆ: ಸುಮಾರು 8000 ಕಿ.ಮೀ.