ಸ್ಕೂಟರ್ ಮೈಲೇಜ್ ಸೋರುವುದು ಹಿಂದಿನ ಚಕ್ರದ ಹತ್ತಿರ

110 ಸಿಸಿ ಸ್ಕೂಟರ್ ಮೈಲೇಜ್ ಕೊಡುತ್ತಿಲ್ಲ ಎಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಎಂಜಿನ್‌ಗೆ. ಪ್ಲಗ್ ಬದಲಿಸಿ, ಆಯಿಲ್ ಬದಲಿಸಿ, ಪೆಟ್ರೋಲ್‌ಗೆ ಏನೋ ಬೆರೆಸಿ ನೋಡುತ್ತಾರೆ. ಆದರೆ ಊರೊಳಗೆ ಓಡುವ ಸಣ್ಣ ಗಾಡಿಯಲ್ಲಿ ಎಂಜಿನ್ ಹುಟ್ಟಿಸಿದ ಶಕ್ತಿ ವ್ಯರ್ಥವಾಗುವುದು ಹೆಚ್ಚಾಗಿ ಅದರ ಹಿಂದೆ: ಬೆಲ್ಟ್ ಡಬ್ಬಿಯಲ್ಲಿ, ಬ್ರೇಕ್ ಡ್ರಮ್ಮಿನಲ್ಲಿ, ಟೈರಿನಲ್ಲಿ. ಹುಡುಕುವುದನ್ನೂ ಅಲ್ಲಿಂದಲೇ ಶುರುಮಾಡುವುದು ಲಾಭ.

ಅದಕ್ಕೂ ಮುಂಚೆ ಮೈಲೇಜ್ ಸರಿಯಾಗಿ ಅಳೆಯಿರಿ. ಪೆಟ್ರೋಲ್ ಮುಳ್ಳು ನೋಡಿ ಲೆಕ್ಕ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಪಂಪ್‌ನ ನಳಿಕೆ ಮೊದಲ ಸಲ 'ಟಕ್' ಎಂದು ನಿಂತಾಗ ಸಾಕು ಎನ್ನಿ, ಓಡೋಮೀಟರ್ ಓದಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಗಾಡಿಯನ್ನು ಅದೇ ರೀತಿ ನಿಲ್ಲಿಸಿ, ಅದೇ 'ಟಕ್'ವರೆಗೆ ತುಂಬಿಸಿ. 148 ಕಿ.ಮೀ. ಓಡಿ 3.2 ಲೀಟರ್ ಹಿಡಿಸಿದರೆ ಲೀಟರಿಗೆ 46 ಚಿಲ್ಲರೆ. ಒಂದೇ ಸಲದ ಅಳತೆಯನ್ನು ನಂಬಬೇಡಿ, ಮೂರು ಸಲದ ಸರಾಸರಿ ತೆಗೆಯಿರಿ. ಕತ್ತಿನವರೆಗೆ ತುಂಬಿಸುವ ಅಭ್ಯಾಸವಂತೂ ಬೇಡವೇ ಬೇಡ. ಬಿಸಿಲಲ್ಲಿ ಪೆಟ್ರೋಲ್ ಹಿಗ್ಗಿದರೆ ಅದಕ್ಕೆ ಜಾಗ ಬೇಕು.

ಈಗ ಬ್ರೇಕ್. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರುವಾಗಲೇ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. 'ಸರ್ ಸರ್' ಎಂದು ಉಜ್ಜಿಕೊಂಡು ಅರ್ಧ ಸುತ್ತಿಗೇ ನಿಂತರೆ ಶೂ (ಒಳಗಿಂದ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ) ಡ್ರಮ್ಮಿಗೆ ತಾಗಿಕೊಂಡೇ ಇದೆ, ಅಂದರೆ ನೀವು ದಿನವಿಡೀ ಬ್ರೇಕ್ ಹಿಡಿದುಕೊಂಡೇ ಓಡಿಸುತ್ತಿದ್ದೀರಿ. ಬ್ರೇಕ್ ಗಟ್ಟಿ ಹಿಡಿಯಲಿ ಎಂದು ನಟ್ಟನ್ನು ವಿಪರೀತ ಬಿಗಿ ಮಾಡಿದಾಗ ಹೀಗಾಗುತ್ತದೆ. ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ನಿಮ್ಮ ಗಾಡಿಯ ಅಳತೆ ಅದರ ಕೈಪಿಡಿಯಲ್ಲಿ ಇರುತ್ತದೆ. ಚಕ್ರದ ಪಕ್ಕದ ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸಿ ಹೊಂದಿಸಿ. ಪ್ರತಿ ಸಲವೂ ನಟ್ಟಿನ ಕಮಾನಿನಂಥ ತಗ್ಗು, ಕೇಬಲ್ ಎಳೆಯುವ ಸಣ್ಣ ತೋಳಿನ ಪಿನ್ನಿನ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಅಡ್ಡ ಕೂತಿದ್ದರೆ ನಾಲ್ಕು ದಿನಕ್ಕೇ ಸೆಟ್ಟಿಂಗ್ ಸಡಿಲವಾಗುತ್ತದೆ.

ನಟ್ಟು ಸಡಿಲಿಸಿದ ಮೇಲೂ ಚಕ್ರ ಹಿಡಿಯುತ್ತಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದಿರಬಹುದು, ಇಲ್ಲವೇ ಶೂ ತಿರುಗಿಸುವ ಕ್ಯಾಮ್ ಕೆಸರು ತಿಂದು ಬಿಗಿಯಾಗಿರಬಹುದು. ಲಿವರ್ ಬಿಟ್ಟಾಗ ಆ ಸಣ್ಣ ತೋಳು ಥಟ್ಟನೆ ಹಿಂದೆ ಬಾರದೆ ತೂಕಡಿಸುತ್ತಾ ಬರುತ್ತಿದ್ದರೆ ಇದೇ ರೋಗ. ಶೂ ಬಿಚ್ಚಿ, ಕ್ಯಾಮ್ ಒರೆಸಿ, ತೆಳುವಾಗಿ ಗ್ರೀಸ್ ಸವರಿ. ಶೂಗೆ ಒಂದು ಹನಿಯೂ ತಾಗಬಾರದು.

ಗಾಳಿಯ ವಿಷಯ ಚಿಕ್ಕದು. ಅನೇಕ 110 ಸಿಸಿ ಸ್ಕೂಟರ್‌ಗಳಿಗೆ ಮುಂದೆ 22, ಹಿಂದೆ 29, ಹಿಂದೆ ಕೂರುವವರಿದ್ದರೆ 36 ಪಿಎಸ್‌ಐ. ಟೈರ್ ತಣ್ಣಗಿದ್ದಾಗ ನೋಡಬೇಕು, ವಾರಕ್ಕೊಮ್ಮೆ. ಸಣ್ಣ ಟೈರಿನಲ್ಲಿ ಹಿಡಿಯುವ ಗಾಳಿಯೇ ಕಡಿಮೆ, ಸ್ವಲ್ಪ ಇಳಿದರೂ ಲೆಕ್ಕ ತಪ್ಪುತ್ತದೆ.

ಬೆಲ್ಟ್ ಡಬ್ಬಿಗೆ ಬರೋಣ, ಅಸಲಿ ಕಥೆ ಇಲ್ಲಿದೆ. ಗೇರ್ ಹಾಕುವ ಕೆಲಸವನ್ನು ಎರಡು ಪುಲ್ಲಿ, ಒಂದು ರಬ್ಬರ್ ಬೆಲ್ಟ್, ಸಾಮಾನ್ಯವಾಗಿ ಆರು ರೋಲರ್‌ಗಳು ಮಾಡುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ರೋಲರ್‌ಗಳು ಅಂಚಿನತ್ತ ಸರಿದು ಮುಂದಿನ ಪುಲ್ಲಿಯ ತಟ್ಟೆಯನ್ನು ಒತ್ತುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ, ಗಾಡಿ ದೊಡ್ಡ ಗೇರಿಗೆ ಹೋದಂತಾಗುತ್ತದೆ. ರೋಲರ್ ಒಂದು ಪಕ್ಕ ಸವೆದು ಚಪ್ಪಟೆಯಾದರೆ ಉರುಳದೆ ಸಿಕ್ಕಿಕೊಳ್ಳುತ್ತದೆ. ಸವೆದು ಅಗಲ ಕಳೆದುಕೊಂಡ ಬೆಲ್ಟ್ ಪುಲ್ಲಿಯ ಅಂಚಿನವರೆಗೆ ಏರುವುದೇ ಇಲ್ಲ. ಎರಡರ ಫಲವೂ ಒಂದೇ: 45 ಕಿ.ಮೀ. ವೇಗಕ್ಕೇ ಎಂಜಿನ್ ಮೊದಲಿಗಿಂತ ಜೋರಾಗಿ ಕೂಗುತ್ತದೆ. ಕಿವಿಗೆ ಈ ವ್ಯತ್ಯಾಸ ಮೈಲೇಜ್ ಲೆಕ್ಕಕ್ಕಿಂತ ಮೊದಲೇ ಗೊತ್ತಾಗುತ್ತದೆ.

ಬೆಲ್ಟ್ ಬದಲಿಸುವ ಸಮಯ ಹಲವು ಗಾಡಿಗಳಲ್ಲಿ 20ರಿಂದ 24 ಸಾವಿರ ಕಿ.ಮೀ. ಅಷ್ಟಾಗದಿದ್ದರೂ ಡಬ್ಬಿ ತೆರೆದಾಗಲೆಲ್ಲ ಬೆಲ್ಟನ್ನು ಹಿಂದಕ್ಕೆ ಬಾಗಿಸಿ ಹಲ್ಲುಗಳ ಬುಡ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ತೆಗೆದುಬಿಡಿ. ತುಂಡಾದರೆ ಗಾಡಿ ನಿಂತ ಜಾಗದಲ್ಲೇ ನಿಲ್ಲುತ್ತದೆ, ಚೂರುಗಳು ಕ್ಲಚ್ಚಿಗೂ ಸುತ್ತಿಕೊಳ್ಳುತ್ತವೆ. ಪಿಕಪ್ ಬರಲಿ ಎಂದು ಹಗುರ ರೋಲರ್ ಹಾಕಿಸುವವರಿದ್ದಾರೆ. ಪಿಕಪ್ ಬರುವುದು ನಿಜ, ಆದರೆ ಎಂಜಿನ್ ಸದಾ ಹೆಚ್ಚು ಸುತ್ತು ತಿರುಗುತ್ತದೆ. ಮೈಲೇಜ್ ಬೇಕಾದವರಿಗೆ ಅದು ಹೇಳಿಮಾಡಿಸಿದ್ದಲ್ಲ.

ಹೊರಡುವಾಗ 10-15 ಕಿ.ಮೀ. ವೇಗದಲ್ಲಿ ಗಾಡಿ ಗಡಗಡ ನಡುಗಿದರೆ ಅದು ಕ್ಲಚ್. ಕ್ಲಚ್ಚಿನ ಶೂಗಳ ಮೈ ಗಾಜಿನಂತೆ ಹೊಳಪಾಗಿದೆ, ಅವು ಒತ್ತಿ ಹಿಡಿಯುವ ಬಟ್ಟಲಿನಂಥ ಬೆಲ್ಲಿನೊಳಗೆ ಪುಡಿ ತುಂಬಿದೆ ಎಂದರ್ಥ. ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ (ಆ ಪುಡಿಯನ್ನು ಊದಬೇಡಿ, ಉಸಿರಿಗೆ ಒಳ್ಳೆಯದಲ್ಲ), ಶೂ ಮತ್ತು ಬೆಲ್ಲಿನ ಒಳಮೈಗೆ ಸ್ಯಾಂಡ್‌ಪೇಪರ್ ಹಗುರವಾಗಿ ಆಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಬೆಲ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಕಾದ ಗುರುತು. ಏರಿನಲ್ಲಿ ಸಿಗ್ನಲ್ ಬಿದ್ದಾಗ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಗಾಡಿಯನ್ನು ತಡೆದು ನಿಲ್ಲಿಸುವುದರಿಂದ ಹಾಗಾಗುತ್ತದೆ. ಆಗ ಕ್ಲಚ್ ಪೂರ್ತಿ ಹಿಡಿಯದೆ ಉಜ್ಜುತ್ತಲೇ ಇರುತ್ತದೆ. ಪೆಟ್ರೋಲೂ ಉರಿಯಿತು, ಶೂ ಕೂಡ ಉರಿಯಿತು.

ಎಂಜಿನ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಸ್ಕೂಟರಿನ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ಹಾಗಾಗಿ ಜಾರಿಕೆ ಹೆಚ್ಚಿರುವ 'ಎಂಬಿ' ದರ್ಜೆಯ ಆಯಿಲ್ ಇದಕ್ಕೆ ಸಲ್ಲುತ್ತದೆ, ಅದನ್ನೇ ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು. ಹಲವು ಗಾಡಿಗಳಿಗೆ ಬೇಕಾಗುವುದು 700-800 ಮಿ.ಲೀ. ಅಷ್ಟೇ. ಡಬ್ಬಿಯಲ್ಲಿ ಉಳಿಯಿತಲ್ಲ ಎಂದು ಪೂರ್ತಿ ಸುರಿದರೆ ಹೆಚ್ಚಾದ ಆಯಿಲ್ ಉಸಿರುಕೊಳವೆಯಿಂದ ಏರ್ ಫಿಲ್ಟರಿಗೆ ಹತ್ತುತ್ತದೆ. ಆಮೇಲೆ ಮೈಲೇಜ್ ಬಿತ್ತು ಎಂಬ ಗೋಳು. ಅಂಟು ಕಾಗದದ ಫಿಲ್ಟರನ್ನು ಗಾಳಿ ಹೊಡೆದು ಸ್ವಚ್ಛ ಮಾಡಲಾಗದು, ಬದಲಿಸಬೇಕಷ್ಟೆ.

ಹಿಂದಿನ ಚಕ್ರದ ಪಕ್ಕ ಇನ್ನೊಂದು ಸಣ್ಣ ಗೇರ್ ಡಬ್ಬಿ ಇದೆ. ಅದಕ್ಕೆ ಬೇರೆ ಆಯಿಲ್, ಸುಮಾರು 100-120 ಮಿ.ಲೀ. ಎಂಜಿನ್ ಆಯಿಲ್ ಬದಲಿಸುವಾಗ ಇದನ್ನು ಮರೆಯುವುದೇ ಹೆಚ್ಚು. ಬೋಲ್ಟ್ ಬಿಚ್ಚಿದಾಗ ಹಾಲು ಬೆರೆಸಿದಂತೆ ಬೆಳ್ಳಗೆ ಬಂದರೆ ನೀರು ಹೊಕ್ಕಿದೆ. ಪೂರ್ತಿ ಇಳಿಸಿ, ವಾಶರ್ ಹೊಸದು ಹಾಕಿ, ಅಳೆದು ತುಂಬಿಸಿ. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಿದ ಗಾಡಿಯಾದರೆ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಒಮ್ಮೆ ತೆರೆದು ನೋಡಿ.